ಎದೆಗವಚಿದ ಚೆಂಡು

ಹೊಸ ಚರ್ಮದ ವಾಸನೆ ಬಂದರೆ ನನಗೆ ಈಗಲೂ ಸೌದಿಯ ದಮ್ಮಾಮಿನ ಒಂದು ಶುಕ್ರವಾರದ ಸಂಜೆ ನೆನಪಾಗುತ್ತದೆ.

ಕಂಪನಿಯವರ ಮನೆಗಳಿದ್ದ ನಮ್ಮ ಕಾಂಪೌಂಡಿನಲ್ಲಿ ಅಪ್ಪನ ಜೊತೆ ಕೆಲಸ ಮಾಡುವ ಅಮೆರಿಕನ್ ಅಂಕಲ್ ಒಬ್ಬರಿದ್ದರು. ಕಾಲೇಜಿನಲ್ಲೂ ಆಮೇಲೆ ದೊಡ್ಡ ತಂಡದಲ್ಲೂ ಅಮೆರಿಕನ್ ಫುಟ್‌ಬಾಲ್ ಆಡಿ, ಮೊಣಕಾಲು ಮುರಿದ ಮೇಲೆ ಬಿಟ್ಟವರು. ಚೆಂಡನ್ನು ಎದೆಗವಚಿಕೊಂಡು ಎದುರಾಳಿಗಳ ನಡುವೆ ನುಗ್ಗುವುದೇ ಅವರ ಪಾಲಿನ ಆಟವಾಗಿತ್ತಂತೆ.

ಅಂದು ಮಕ್ಕಳ ಪಂದ್ಯದಲ್ಲಿ ಅವರು ಹೊಸ ಚರ್ಮದ ಮೊಟ್ಟೆಯಾಕಾರದ ಚೆಂಡನ್ನು ನನ್ನ ಕೈಗಿತ್ತು, ದಾಟಬೇಕಾದ ಆಚೆ ತುದಿಯ ಸುಣ್ಣದ ಗೆರೆ ತೋರಿಸಿದರು.

"ಹುಡುಗಿ ಬಿದ್ದರೆ ಎಂತ ಮಾಡುದು?" ಎಂದು ಅಮ್ಮ ಅಪ್ಪನನ್ನು ಕೇಳಿದರು.

"ಬಿದ್ದರೆ ಏಳ್ತಾಳೆ ಮಾರಾಯ್ತಿ," ಎಂದರು ಅಪ್ಪ.

ನಾನು ಓಡಿದೆ. ಅಂಗಿ ಹಿಡಿದ ಹುಡುಗನಿಂದ ಕೊಸರಿಕೊಂಡು, ಇನ್ನೊಬ್ಬನ ಕೈಗೆ ಸಿಗದೆ ನುಗ್ಗಿದೆ. ಹಿಂದಿನಿಂದ, "ಓಡು ಮಗಾ, ನಿಲ್ಲಬೇಡ," ಎಂದು ಅಮ್ಮನ ದನಿಯೇ ಕೇಳಿಸಿತು.

ಸುಣ್ಣದ ಗೆರೆ ದಾಟಿ ತಿರುಗಿದರೆ, ಅಂಕಲ್ ಅಂಕ ಸಿಕ್ಕಿತೆಂದು ಎರಡೂ ಕೈ ಮೇಲೆತ್ತಿ ನಿಂತಿದ್ದರು, ಕಣ್ಣೊರೆಸಿಕೊಳ್ಳುವುದನ್ನೂ ಮರೆತು.