ಟೆಂಪರರಿ ಫೋಲ್ಡರಿನಲ್ಲಿ ಸಿಕ್ಕ ಅಡುಗೆ ಪುಸ್ತಕ

ಕಂಪ್ಯೂಟರ್ ಮುಂದೆ ಕೂತು ಒಮ್ಮೆಯಾದರೂ ತಲೆ ಚಚ್ಚಿಕೊಂಡವರು ಎರಡು ನಿಮಿಷ ಬಿಡುವು ಮಾಡಿಕೊಂಡು ಓದಿ...

ಗದಗಿನಲ್ಲಿ ಒಂದು ಸಣ್ಣ ಪ್ರಿಂಟಿಂಗ್ ಪ್ರೆಸ್. ಮಾಲೀಕರು ಶಿವಯೋಗಪ್ಪ. ಕೆಟ್ಟವರಲ್ಲ... ತಾಳ್ಮೆ ಮಾತ್ರ ಕಡಿಮೆ.

ಅಲ್ಲಿ ಪ್ರೂಫ್ ತಿದ್ದುವವರು ನೀಲಮ್ಮ. ಅರವತ್ತರ ಹತ್ತಿರದ ವಯಸ್ಸು. ಮೊದಲೆಲ್ಲ ಕಾಗದದ ಮೇಲೆ ಕೆಂಪು ಪೆನ್ನಿನಲ್ಲಿ ತಿದ್ದುತ್ತಿದ್ದರು.

ಈ ವರ್ಷದಿಂದ ಎಲ್ಲ ಇಮೇಲ್‌ನಲ್ಲಿ... ಟೈಪ್ ಆದ ಫೈಲು ಮೇಲ್‌ಗೆ ಬರುತ್ತದೆ. ಪ್ರೆಸ್ಸಿನ ಹಳೆಯ ಕಂಪ್ಯೂಟರಿನಲ್ಲಿ ಅದನ್ನು ತೆರೆದು ಅಲ್ಲೇ ತಿದ್ದಬೇಕು.

ಆ ವಾರ ಬಂದದ್ದು ಒಂದು ಮಹಿಳಾ ಸಂಘದ ಅಡುಗೆ ಪುಸ್ತಕ.

ನೀಲಮ್ಮ ದಿನವಿಡೀ ಕೂತು ತಿದ್ದಿದರು. ಸೇವ್ ಒತ್ತಿ ಮನೆಗೆ ಹೋದರು.

ಮರುದಿನ ಶಿವಯೋಗಪ್ಪ ಮೇಲ್‌ನಿಂದ ಫೈಲ್ ತೆರೆದರು... ಒಂದಕ್ಷರವೂ ಬದಲಾಗಿರಲಿಲ್ಲ.

"ನೀಲಮ್ಮಾರ, ಏನ್ ತಿದ್ದೀರಿ ಇದರಾಗ? ಸಾರಿಗೆ ಕಾಲು ಕಿಲೋ ಇಂಗು ಅಂತ ಹಂಗ ಐತಿ. ಇದನ್ನ ಉಂಡ ಮಂದಿ ಬಂದು ನಮ್ಮ ಪ್ರೆಸ್ಸಿಗೆ ಬೆಂಕಿ ಹಚ್ತಾರ."

"ಅದನ್ನ ಕಾಲು ಚಮಚ ಮಾಡಿದ್ನೆಲ್ರೀ ನಿನ್ನೆ..."

"ಮಾಡಿದ್ದು ಎಲ್ಲಿ ಹೋತು? ಇಲಿ ತಿಂತೇನು?"

ನೀಲಮ್ಮ ಬಂದು ನೋಡಿದರು. ತಪ್ಪುಗಳೆಲ್ಲ ಇದ್ದಲ್ಲೇ ಇದ್ದವು. ಕೂತು ಮತ್ತೆ ಮೊದಲಿನಿಂದ ತಿದ್ದಿದರು.

ಮರುದಿನ ಮತ್ತೆ ಅದೇ... ಅದರ ಮರುದಿನವೂ ಅದೇ...

ಸಂಘದವರದು ಫೋನ್ ಮೇಲೆ ಫೋನ್. ಶಿವಯೋಗಪ್ಪನಿಗೆ ರೇಗಿಹೋಯಿತು.

"ಸುಳ್ಳು ಹೇಳೋ ವಯಸ್ಸೇನ್ರೀ ಇದು? ಆಗಂಗಿಲ್ಲ ಅಂದ್ರ ಆಗಂಗಿಲ್ಲ ಅನ್ರಿ, ಮುಗೀತು."

"ಸುಳ್ಳಲ್ರೀ... ಆದ್ರ..." ನೀಲಮ್ಮನಿಗೆ ತಾಯಿಯ ನೆನಪಾಯಿತು.

ಅವರ ತಾಯಿಗೆ ಕೊನೆಗಾಲದಲ್ಲಿ ಮರೆವಿನ ಕಾಯಿಲೆ ಇತ್ತು. ಒಲೆಯನ್ನೇ ಹಚ್ಚದೆ "ಅನ್ನ ಆಗೇತಿ, ಬಡಿಸ್ಕೊ" ಎನ್ನುತ್ತಿದ್ದರು. ಇಲ್ಲ ಎಂದರೆ ಅಳುತ್ತಿದ್ದರು.

ಮಾಡದ ಕೆಲಸವನ್ನು ಮಾಡಿದ್ದೇನೆ ಅನ್ನುವುದು... ತನಗೂ ಅದೇ ಶುರುವಾಯಿತೇ?

ಗ್ಯಾಸ್ ಆಫ್ ಮಾಡಿದ್ದೇನೆಯೇ ಎಂದು ಮತ್ತೆ ಮತ್ತೆ ಎದ್ದು ನೋಡತೊಡಗಿದರು. ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

ಶನಿವಾರ ಮಾಲೀಕರ ಮುಂದೆ ಬಂದು ನಿಂತರು.

"ಸಾಹುಕಾರ್ರ, ನಾ ಕೆಲಸ ಬಿಡ್ತೀನ್ರಿ. ನನ್ನ ತಲಿ ನನ್ನ ಮಾತು ಕೇಳವಲ್ದು."

"ಆತು ಬಿಡ್ರಿ, ಮನಿಯಾಗ ಆರಾಮ ಇರ್ರಿ" ಎಂದರು ಶಿವಯೋಗಪ್ಪ. ತಲೆ ಕೂಡ ಎತ್ತಲಿಲ್ಲ.

ಸೋಮವಾರ ತಾವೇ ತಿದ್ದೋಣವೆಂದು ಕೂತರೆ ಫೈಲ್ ತೆರೆಯುವುದೇ ಇಲ್ಲ. ಜಾಗ ತುಂಬಿದೆ ಎನ್ನುತ್ತದೆ ಕಂಪ್ಯೂಟರ್. ಆರಿಸಿ ಹಚ್ಚಿದರು, ಬೈದರು, ಮೇಜು ಗುದ್ದಿದರು. ಕೊನೆಗೆ ರಿಪೇರಿಯವನಿಗೆ ಫೋನ್.

"ಸರ, ಮೇಲ್‌ನಾಗ ಫೈಲ್ ತೆರೆದಾಗೆಲ್ಲ ಅದು ಒಂದು ಟೆಂಪರರಿ ಕಾಪಿ ಮಾಡ್ತೈತ್ರಿ. ಭಾಳ ತುಂಬ್ಯಾವು. ಫೋಲ್ಡರ್ ಎಲ್ಲೈತಿ ಹೇಳ್ತೀನಿ, ಎಲ್ಲಾ ಡಿಲೀಟ್ ಹೊಡೀರಿ."

"ಬೇಕಾಗಿದ್ದು ಏನರ ಹೋದ್ರ?"

"ಅದರಾಗ ಏನಿರ್ತೈತ್ರೀ, ಬರೇ ಕಸ."

ಫೋಲ್ಡರ್ ತೆರೆಯಿತು. ವರ್ಷದ ಮದುವೆ ಕಾರ್ಡುಗಳು, ಪೋಸ್ಟರುಗಳು... ಎಲ್ಲ ಸೆಲೆಕ್ಟ್ ಮಾಡಿದರು. ಬೆರಳು ಡಿಲೀಟ್ ಮೇಲೆ ಹೋಯಿತು.

ಆಗ ಒಂದು ಹೆಸರು ಕಣ್ಣಿಗೆ ಬಿತ್ತು. ಅಡುಗೆ ಪುಸ್ತಕ... ಅದರ ಕೆಳಗೆ ಅದೇ ಹೆಸರು... ಅದರ ಕೆಳಗೂ ಅದೇ...

"ಒಂದ ಫೈಲು ಎಷ್ಟು ಸಲ ತಗದು ಕುಂತಾಳಪ್ಪ ಈಕಿ" ಎಂದು ಗೊಣಗುತ್ತ ಒಂದನ್ನು ತೆರೆದರು.

ಕಾಲು ಚಮಚ ಇಂಗು.

ಇನ್ನೊಂದು ತೆರೆದರು... ಕಾಲು ಚಮಚ ಇಂಗು. ಮತ್ತೊಂದರಲ್ಲೂ ಹಾಗೆಯೇ.

ನಡುವೆ ತಿದ್ದದ ಕಾಪಿಗಳೂ ಇದ್ದವು... ಅವು ತಾವೇ ಬೆಳಿಗ್ಗೆ ತೆರೆದು ಬೈಯಲು ಬಳಸಿದವು. ನೀಲಮ್ಮ ತೆರೆದ ಒಂದೊಂದು ಕಾಪಿಯೂ ಮೊದಲ ಪುಟದಿಂದ ಕೊನೆಯ ಪುಟದವರೆಗೆ ತಿದ್ದಿ ಮುಗಿದಿತ್ತು.

ನನಗೆ ತಿಳಿದಷ್ಟು ಹೇಳುತ್ತೇನೆ... ಕೆಲವು ಕಂಪ್ಯೂಟರುಗಳಲ್ಲಿ ಮೇಲ್‌ನಿಂದ ನೇರ ತೆರೆದು ತಿದ್ದಿದರೆ ಸೇವ್ ಆಗುವುದು ಆ ಟೆಂಪರರಿ ಕಾಪಿ. ಮೇಲ್‌ನಲ್ಲಿರುವುದು ಬಂದ ಹಾಗೆಯೇ ಇರುತ್ತದೆ. ಮೊದಲು ನಮ್ಮ ಫೋಲ್ಡರಿಗೆ ಹಾಕಿಕೊಂಡು ಆಮೇಲೆ ತಿದ್ದಬೇಕು.

ಇದನ್ನು ನೀಲಮ್ಮನಿಗೆ ಯಾರೂ ಹೇಳಿರಲಿಲ್ಲ. ಶಿವಯೋಗಪ್ಪನಿಗೂ ಗೊತ್ತಿರಲಿಲ್ಲ. ಆದರೆ ಬೈದದ್ದು ಅವರು... ಬೈಸಿಕೊಂಡದ್ದು ನೀಲಮ್ಮ.

ಶಿವಯೋಗಪ್ಪ ಏನನ್ನೂ ಡಿಲೀಟ್ ಮಾಡಲಿಲ್ಲ. ಪ್ರೆಸ್ ಹಾಗೇ ಬಿಟ್ಟು ನೀಲಮ್ಮನ ಮನೆಗೆ ಹೋದರು.

"ನೀವು ತಿದ್ದಿದ್ದೆಲ್ಲಾ ಸಿಕ್ತ್ರಿ. ದಿನಾ ತಿದ್ದೀರಿ. ಆ ಸುಡಗಾಡ ಕಂಪ್ಯೂಟರ್ ಬ್ಯಾರೆ ಕಡೆ ಇಟ್ಟಿತ್ತು. ನಾ ಬಾಯಿಗೆ ಬಂದಂಗ ಅಂದೆ... ತಪ್ಪಾತು. ನಾಳೆಯಿಂದ ಬರ್ರಿ."

ಕೆಲಸದ ಮಾತು ನೀಲಮ್ಮನ ಕಿವಿಗೇ ಬೀಳಲಿಲ್ಲ. ಬಾಗಿಲ ಚೌಕಟ್ಟು ಹಿಡಿದುಕೊಂಡು ಮೆಲ್ಲಗೆ ಕೇಳಿದರು:

"ಅಂದ್ರ... ನಾ ಖರೇನ ತಿದ್ದಿದ್ನೇನ್ರಿ?"

"ಖರೇನರಿ."

"ಹಂಗಾರ ನನ್ನ ತಲಿ ಚಲೋ ಐತೇನ್ರಿ?"

ಅಷ್ಟು ದಿನ ಅವರು ಯಾವ ಭಯ ಹೊತ್ತು ತಿರುಗಿದ್ದರೆಂದು ಶಿವಯೋಗಪ್ಪನಿಗೆ ಆಗ ಅರ್ಥವಾಯಿತು.

"ನಿಮ್ಮದು ಚಲೋ ಐತ್ರೀ ಅಕ್ಕಾರ... ನಂದ ಒಮ್ಮೆ ತೋರಿಸ್ಬೇಕು."

ನೀಲಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು, ನಿಂತಲ್ಲೇ ಅತ್ತರು... ಬಹಳ ಹೊತ್ತು.

*

ನಮ್ಮ ಕಣ್ಣಿಗೆ ಕಾಣಲಿಲ್ಲ ಎಂದ ಮಾತ್ರಕ್ಕೆ ಒಬ್ಬರ ಶ್ರಮ ನಡೆದೇ ಇಲ್ಲ ಎಂದಲ್ಲ.

*

ಇತ್ತೀಚೆಗೆ ನೀವು "ಏನೂ ಮಾಡಿಲ್ಲ" ಎಂದು ಯಾರ ಮೇಲೆ ರೇಗಿದಿರಿ... ಅವರು ಈಗ ತಮ್ಮನ್ನೇ ಅನುಮಾನಿಸುತ್ತ ಕೂತಿಲ್ಲ ತಾನೇ?