ಆರುನೂರ ಹದಿಮೂರರ ಸರದಿ

ಇವತ್ತು ಸಿಕ್ಕಿಬೀಳುವುದು ಖಂಡಿತ. ಚಿಂತಾಮಣಿಯಲ್ಲಿ ಶಿಡ್ಲಘಟ್ಟದ ಬಸ್ಸು ಹತ್ತುವಾಗಲೇ ಚನ್ನಕೇಶವನಿಗೆ ಅದು ಗೊತ್ತಿತ್ತು.

ಸೇರು ಹೋಗಿ ಕಿಲೋ ಬಂದ ಕಾಲ. ಅವನಿಗೆ ಲೆಕ್ಕ ಕಲಿಸಿದ ಪುಟ್ಟಸ್ವಾಮಯ್ಯ ಮೇಷ್ಟರಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಗಿತ್ತು. ಊಟ ಬಿಟ್ಟು, ಮಾತು ಬಿಟ್ಟು, ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟಿದ್ದರು. ಅವರನ್ನು ಎಬ್ಬಿಸಲೆಂದೇ ಅವನೊಂದು ಸುಳ್ಳು ಹೇಳಿದ್ದ.

"ಸಾರ್, ಈ ೬೧,೧೩,೪೪೯ ಅವಿಭಾಜ್ಯವೋ ಅಲ್ವೋ ಗೊತ್ತಾಗ್ತಿಲ್ಲ. ಯಾವುದರಿಂದ ಭಾಗಿಸಿದ್ರೂ ಶೇಷ ಉಳಿಯುತ್ತೆ."

ಮೇಷ್ಟರು ಎದ್ದು ಕೂತಿದ್ದರು. ಗೊತ್ತಾಗದೆ ಏನು? ೬೧೩ನ್ನು ೯೯೭೩ರಿಂದ ಗುಣಿಸಿ ಆ ಸಂಖ್ಯೆಯನ್ನು ಹುಟ್ಟಿಸಿದವನೇ ಅವನು.

ಅಂದಿನಿಂದ ಪ್ರತಿ ಭಾನುವಾರ ಅವನೆದುರು ಸ್ಲೇಟಿನಲ್ಲಿ ಭಾಗಿಸುತ್ತ, ಎರಡು, ಮೂರು, ಐದು, ಏಳು ಎಂದು ಅವಿಭಾಜ್ಯಗಳನ್ನು ಮೇಷ್ಟರು ಒಂದೊಂದಾಗಿ ದಾಟಿದ್ದರು; ಈ ಭಾನುವಾರ ಸರದಿ ೬೧೩ರದು. ಭಾಗವಾಗಿಬಿಟ್ಟರೆ ಆಟ ಮುಗಿಯಿತು. ಮೇಷ್ಟರು ಮತ್ತೆ ಗೋಡೆ ಕಡೆ ತಿರುಗುತ್ತಾರೆ. ಇನ್ನೊಂದು ಸಂಖ್ಯೆ ಹೊಸೆಯುವ ತ್ರಾಣ ಚನ್ನಕೇಶವನಲ್ಲಿರಲಿಲ್ಲ. ಹೋದ ವರ್ಷ ಹೆಂಡತಿ ಶ್ಯಾಮಲಮ್ಮ ತೀರಿಕೊಂಡ ಮೇಲೆ ಯಾವುದಕ್ಕೂ ಇರಲಿಲ್ಲ. ಇದೊಂದು ಮುಗಿದರೆ ಭಾನುವಾರವೂ ಬಾಗಿಲು ಹಾಕಿಕೊಂಡು ಬಿದ್ದಿರಬಹುದು ಎನ್ನಿಸಿ, ತನ್ನ ಮೇಲೇ ಹೇಸಿಗೆಯಾಯಿತು.

"ವಾರವೆಲ್ಲ ಸ್ಲೇಟು ಮುಟ್ಟಲ್ಲ ಕಣಪ್ಪ," ಎಂದರು ಶಿಡ್ಲಘಟ್ಟದ ಮನೆಯಲ್ಲಿ ಮೇಷ್ಟರ ಹೆಂಡತಿ ವೆಂಕಟಲಕ್ಷ್ಮಮ್ಮ, ಅವನ ಮುದ್ದೆಯ ಮೇಲೆ ಅವರೆಕಾಳು ಸಾರು ಬಿಡುತ್ತ. "ಶನಿವಾರ ಬಂತು ಅಂದ್ರೆ, ನಾಳೆ ಏನ್ ಸಾರು ಅಂತ ನನ್ನ ಪ್ರಾಣ ತಿಂತಾರೆ."

ಸದ್ಯ, ಮೇಷ್ಟರ ನಾಲಿಗೆಗೆ ರುಚಿಯಾದರೂ ಮರಳಿದೆ ಎಂದುಕೊಂಡ.

"ಸ್ಲೇಟು ತರಲಾ ಸಾರ್?"

"ಅವಸರ ಏನು? ಮೊದಲು ಉಣ್ಣು. ಭಾಗಾಕಾರ ಎಲ್ಲೂ ಓಡಿಹೋಗಲ್ಲ."

ಯಾವಾಗಲೂ ಇದೇ ಮಾತು. ಮೊದಮೊದಲು ಭಾನುವಾರಕ್ಕೆ ಹತ್ತು ಸಂಖ್ಯೆ ಮುಗಿಸುತ್ತಿದ್ದವರು ಒಂದು ವರ್ಷದಿಂದ ಒಂದಕ್ಕೇ ನಿಲ್ಲಿಸುತ್ತಿದ್ದರು. ಕಾಯಿಲೆ ಒಳಗೊಳಗೇ ತಿನ್ನುತ್ತಿದೆ ಎಂದು ಚನ್ನಕೇಶವನಿಗೆ ಸಂಕಟ.

ಊಟವಾಯಿತು. ಮೇಷ್ಟರು ಎಡಗೈಗೆ ಬಳಪ ತೆಗೆದುಕೊಂಡರು. ಅವನು ಹಿಂದೆ ನಿಂತು ನೋಡಿದ. ಭಾಗಲಬ್ಧ ಒಂದೊಂದೇ ಅಂಕಿಯಾಗಿ ಬಂತು: ಒಂಬತ್ತು, ಒಂಬತ್ತು, ಏಳು, ಮೂರು. ಕೆಳಗೆ, ಶೇಷದ ಜಾಗದಲ್ಲಿ, ದುಂಡಗೆ ಸೊನ್ನೆ.



ಮೇಷ್ಟರು ಸ್ಲೇಟನ್ನು ನೋಡಿದರು. ತಿರುಗಿ ಅವನ ಮುಖ ನೋಡಿದರು. ಹೆಬ್ಬೆರಳಿಗೆ ಉಗುಳು ಹಚ್ಚಿ ಸೊನ್ನೆಯನ್ನು ಒರೆಸಿ, ಅಲ್ಲಿ ಐದು ಎಂದು ಬರೆದರು.

"ಹೋಗ್ಲಿಲ್ಲ ಕಣಪ್ಪ. ಬರೋ ಭಾನುವಾರ ಆರುನೂರ ಹದಿನೇಳು ನೋಡಣ. ಹೊತ್ತಿಗೆ ಮುಂಚೆ ಬಾ. ಶ್ಯಾಮಲಮ್ಮ ಹೋದಾಗ್ಲಿಂದ ನೀನು ಹೊಟ್ಟೆ ತುಂಬ ಉಣ್ಣೋದು ಇಲ್ಲೊಂದೇ ಕಡೆ."