ಬರಿಗಾಲಿನ ನೇಮ

ದೊಡ್ಡಪ್ಪನ ಹೊಲದ ಆಚೆ ಬದುವಿಗೆ ಟ್ರ್ಯಾಕ್ಟರು ಬಂದು ನಿಂತಾಗ ಸಪ್ಪಲಮ್ಮ ತನ್ನ ಮಾವಿನ ಸಸಿಗಳ ನಡುವೆ ಅವರೆ ಹೊಟ್ಟು ಹರಡುತ್ತಿದ್ದಳು. ತಲೆ ಎತ್ತಿ ನೋಡಿದಳೇ ಹೊರತು ಕೈ ನಿಲ್ಲಿಸಲಿಲ್ಲ. ಅದು ಯಾಕೆ ಬಂತೆಂದು ಅವಳಿಗೆ ಗೊತ್ತಿತ್ತು. ತಮಿಳುನಾಡಿನ ಪೆನ್ನಾಗರಂ ಕಡೆ ಹದಿನೆಂಟು ದಿನದ ಹಿಂದೆ ಒಂದೇ ಒಂದು ಮಳೆ ಬಿದ್ದು, ಊರವರೆಲ್ಲ ಹೊಲಗಳನ್ನು ಗುಡಿಸಿದ ಅಂಗಳದಷ್ಟು ಚೊಕ್ಕಟ ಮಾಡಿ ಉತ್ತಿದ್ದರು. ಇವಳ ತುಂಡು ಹೊಲ ಮಾತ್ರ ಜೋಳದ ದಂಟು, ಹೊಟ್ಟು, ತರಗೆಲೆ ಹೊದ್ದು ಮಲಗಿತ್ತು.

ದೊಡ್ಡಪ್ಪ ಅಣ್ಣಯ್ಯಪ್ಪನಿಗೆ ಅದು ಮನೆತನದ ಮಾನದ ಮಾತು. ತಮ್ಮನ ಮಗಳು ಸೋಮಾರಿ ಎಂದು ಟೀ ಅಂಗಡಿಯಲ್ಲಿ ಆಡಿಕೊಳ್ಳುತ್ತಾರೆ, ಗೆದ್ದಲು ಹತ್ತುತ್ತದೆ, ಹಾವು ಸೇರುತ್ತದೆ ಎಂದು ತಿಂಗಳಿಡೀ ಹೇಳಿ ಸಾಕಾಗಿ, ಇವತ್ತು ಮಹದೇವನ ಟ್ರ್ಯಾಕ್ಟರನ್ನೇ ಕರೆತಂದಿದ್ದ. ಗೆದ್ದಲು ಎರಡು ಸಸಿ ತಿಂದದ್ದು ನಿಜ. ಅವಳು ಅದನ್ನು ಮುಚ್ಚಿಡಲಿಲ್ಲ. ಬುಡದ ಸುತ್ತ ಒಂದು ಗೇಣು ಬಿಟ್ಟು ಹೊಟ್ಟು ಹಾಕುವುದನ್ನು ಕಲಿತಳು. ಆದರೆ ಹೋದ ಬೇಸಿಗೆಯಲ್ಲಿ ದೊಡ್ಡಪ್ಪನ ಮಾತು ಕೇಳಿ ಚೊಕ್ಕಟ ಮಾಡಿದ್ದಕ್ಕೆ ಹನ್ನೊಂದು ಸಸಿ ನಿಂತಲ್ಲೇ ಒಣಗಿದ್ದವು. ಬಾವಿಯಿಲ್ಲದ ಹೊಲ. ಉಳಿದ ನಲವತ್ತನ್ನೂ ಕಳೆದುಕೊಳ್ಳಲು ಅವಳು ತಯಾರಿರಲಿಲ್ಲ.

“ಈಚೆ ಬಾ ಸಪ್ಪಲಿ. ಮಹದೇವ ಉತ್ತಾಕ್ತಾನೆ,” ಎಂದ ಅಣ್ಣಯ್ಯಪ್ಪ ಬದುವಿನಿಂದಲೇ.

“ಇಲ್ಲಿಗ್ ಬಂದು ಮಾತಾಡಿ ದೊಡ್ಡಪ್ಪ. ಅಲ್ಲಿಂದ ಕೂಗಿದ್ರೆ ನಂಗೆ ಕೇಳ್ಸಲ್ಲ.”

ಅಣ್ಣಯ್ಯಪ್ಪ ಚಪ್ಪಲಿ ಬದುವಿನ ಮೇಲೆ ಬಿಟ್ಟ. ಉತ್ತ ಮಣ್ಣಿಗೆ ಚಪ್ಪಲಿಗಾಲಲ್ಲಿ ಇಳಿಯಬಾರದೆಂಬುದು ಅವರ ಮನೆಯ ನೇಮ. ಚಿಕ್ಕವಳಿದ್ದಾಗ ಅದನ್ನು ಮರೆತು ಸಪ್ಪಲಮ್ಮ ಇದೇ ದೊಡ್ಡಪ್ಪನ ಕೈಯಲ್ಲಿ ಏಟು ತಿಂದಿದ್ದಳು. ಏಪ್ರಿಲ್ಲಿನ ನಡುಮಧ್ಯಾಹ್ನ. ಹತ್ತು ಹೆಜ್ಜೆ ಯಜಮಾನನ ಗತ್ತಿನಲ್ಲೇ ಬಂದ. ಇಪ್ಪತ್ತನೆಯದಕ್ಕೆ ಪಂಚೆ ಎತ್ತಿ ಕಟ್ಟಿದ. ಅಲ್ಲಿಂದ ಮುಂದೆ ಆ ಅರವತ್ತೈದರ ಮುದುಕ ಮೇಕೆಮರಿಯ ಹಾಗೆ ನೆಗೆನೆಗೆದು ಬಂದು ಅವಳ ಹೊಟ್ಟಿನ ಮೇಲೆ ಕಾಲಿಟ್ಟು ಉಸ್ಸೆಂದ.

ಸಪ್ಪಲಮ್ಮನಿಗೆ ನಗು ಬರಲಿಲ್ಲ, ಅಷ್ಟು ಸಿಟ್ಟಿತ್ತು. ಬಗ್ಗಿ ಹೊಟ್ಟು ಸರಿಸಿ, ಕೈಯಲ್ಲೇ ಬಗೆದು, ಒಂದು ಹಿಡಿ ಮಣ್ಣನ್ನು ಅವನ ಅಂಗೈಗೆ ಹಾಕಿದಳು.

“ಹದಿನೆಂಟು ದಿವ್ಸದ ಹಿಂದಿನ ಮಳೆ ಇನ್ನೂ ಇಲ್ಲೈತೆ. ನಿಮ್ಮೊಲದಾಗೆ ಎಲ್ಲೈತೆ ತೋರ್ಸಿ.”

ಅಣ್ಣಯ್ಯಪ್ಪ ಮುಷ್ಟಿ ಬಿಗಿದ. ಬಿಟ್ಟಾಗ ಮಣ್ಣು ತಣ್ಣಗೆ ಉಂಡೆಯಾಗಿ ಕೂತಿತ್ತು. ಅದರ ಸುದ್ದಿ ಎತ್ತದೆ, ಹಿರಿಯರಿಗೆ ಎದುರಾಡುವ ಹೆಣ್ಣು ಉದ್ಧಾರವಾಗುವುದಿಲ್ಲ, ಈ ಹೊಲದ ಪಟ್ಟಾ ಇನ್ನೂ ತನ್ನ ಹೆಸರಿನಲ್ಲೇ ಇದೆ ಎಂದೆಲ್ಲ ಶುರುಮಾಡಿದ.

“ಆಗ್ಲಿ. ಅದನ್ನೆಲ್ಲ ನಿಮ್ಮೊಲದಾಗೆ ನಿಂತ್ಕಂಡು ಬೈಯಿರಿ,” ಎಂದಳು ಸಪ್ಪಲಮ್ಮ. “ಬೈದು ಮುಗ್ಸೋಗಂಟ ಅಲ್ಲೇ ನಿಂತಿದ್ರೆ, ಈ ಕಸಾನ ನಾನೇ ಬಾಚಾಕ್ತೀನಿ.”

ಅಣ್ಣಯ್ಯಪ್ಪ ತಿರುಗಿ ನೋಡಿದ. ಚೊಕ್ಕಟವಾದ ಕೆಂಪು ಹೊಲ. ಅದರಾಚೆ ಬದುವಿನ ಮೇಲೆ ಅವನ ಚಪ್ಪಲಿ.

“ಪೆರಿಯವರೇ, ಆರಂಬಿಕ್ಕಲಾಮಾ?” ಶುರುಮಾಡಲೇ ಎಂದು ಮಹದೇವ ಟ್ರ್ಯಾಕ್ಟರಿನ ಮೇಲಿಂದ ತಮಿಳಿನಲ್ಲಿ ಕೂಗಿ ಕೇಳಿದ.

ಅಣ್ಣಯ್ಯಪ್ಪ ಬೇಡವೆಂದು ಕೈ ಆಡಿಸಿದ. ಟ್ರ್ಯಾಕ್ಟರು ಬಂದ ದಾರಿಯಲ್ಲೇ ಹೊರಟುಹೋಯಿತು. ಸಪ್ಪಲಮ್ಮ ಮತ್ತೆ ಹೊಟ್ಟಿನ ಮಂಕರಿಗೆ ಕೈ ಹಾಕಿದಳು. ಹೊತ್ತು ಇಳಿದು ತನ್ನ ಹೊಲದ ಕಾವು ಆರುವವರೆಗೂ ಅಣ್ಣಯ್ಯಪ್ಪ ಅಲ್ಲೇ, ಅವಳ ಕಸದ ಮೇಲೆ ಬರಿಗಾಲಲ್ಲಿ ನಿಂತು, ಆ ಕಸವನ್ನು ಬೈಯುತ್ತಲೇ ಇದ್ದ.